ಹುಳಿ ತೊಟ್ಟಿ

ಕೋರ್ಟಿಗೆ ಸಾಕ್ಷಿ ಹೇಳಲು ಹೋಗುವವನು ಎಂಥ ಅಂಗಿ ತೊಡಬೇಕು ಎಂಬುದೇ ಹುಲ್ಲಪ್ಪನಿಗೆ ಬೆಳಗಿನಿಂದ ಬಗೆಹರಿದಿರಲಿಲ್ಲ. ಬಿಳಿಯದು ತೊಟ್ಟರೆ ಮದುವೆಗೆ ಹೊರಟವನಂತೆ ಕಾಣುತ್ತೇನೆ, ಬಣ್ಣದ ಮನೆಗೆ ತೊಡುವ ಖಾಕಿಯದು ತೊಟ್ಟರೆ ಕರುಣೆ ಬೇಡಲು ಬಂದವನಂತೆ. ಮೂವತ್ತೊಂದು ವರ್ಷ ಇಳಕಲ್ಲಿನ ಸೀರೆಗಳ ನೂಲಿಗೆ ಬಣ್ಣ ಹಾಕಿದ ಕೈ. ಉಗುರಿನ ಬುಡದಲ್ಲಿ ಸೆರಗಿನ ಕೆಂಪು ಕೂತುಬಿಟ್ಟಿದೆ, ಸತ್ತ ಮೇಲೆ ಮೈ ತೊಳೆಯುವವರೂ ಅದನ್ನು ತೆಗೆಯಲಾರರು. ಯಾವ ಅಂಗಿ ತೊಟ್ಟರೇನು, ತೋಳಿನ ತುದಿಯಲ್ಲಿ ಆ ಕೈ ಹೊರಗೆ ಇದ್ದೇ ಇರುತ್ತದಲ್ಲ. ಬಾಗಿಲಲ್ಲಿ ನಿಂತ ಹನಮವ್ವ, "ಏನ್ರಿ, ಕನ್ಯಾ ನೋಡಾಕ ಹೊಂಟೀರೇನು ಈ ವಯಸ್ಸಿನ್ಯಾಗ? ಯಾವ್ದರ ಒಂದು ತೊಟ್ಕೊಂಡು ನಡೀರಿ. ಜಜ್ ಸಾಹೇಬ್ರು ನಿಮ್ಮ ಅಂಗಿ ಹರಾಜ ಹಾಕಂಗಿಲ್ಲ" ಎಂದಳು. ಅವನು ಬಿಳಿಯದನ್ನೇ ತೊಟ್ಟ. ಅವಳು ಬೀರಪ್ಪ ದೇವರ ಭಂಡಾರದ ಅರಿಶಿನವನ್ನು ಅವನ ಹಣೆಗೆ ಹಚ್ಚಿ, ಉಳಿದದ್ದನ್ನು ತನ್ನ ಕುತ್ತಿಗೆಗೆ ಒರೆಸಿಕೊಂಡು, "ಖರೆ ಹೇಳಾಕ ಹೊಂಟೋರ ಬೆನ್ನಿಗೆ ಅಂವ ಇರ್ತಾನ" ಎಂದಳು. ಖರೆ ಎಂಬ ಆ ಮಾತು ಅಂಗಿಯೊಳಗೆ ಹೊಕ್ಕ ಇರುವೆಯ ಹಾಗೆ ಬೆನ್ನಗುಂಟ ಇಳಿಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಹನಮವ್ವನಿಗೆ ಹೇಳದೆ ಉಳಿಸಿಕೊಂಡ ಸಂಗತಿ ಇದೊಂದೇ. ಹನ್ನೊಂದು ತಿಂಗಳ ಹಿಂದೆ ಬಣ್ಣದ ಮನೆಯಲ್ಲಿ ಜೊತೆಗೆ ಕೆಲಸ ಮಾಡುವ ಖುಶನುಮಾಳ ಮುಖಕ್ಕೆ ನೂಲು ಕುದಿಸುವ ಕಾಸ್ಟಿಕ್ ಸಿಡಿದಾಗ ತಾನು ಓಡಿಹೋಗಿ ತಂಬಿಗೆಯ ಮೇಲೆ ತಂಬಿಗೆ ಸುರಿದದ್ದು ಊರಿಗೆಲ್ಲ ಗೊತ್ತು. ಸುರಿದದ್ದು ನೀರಲ್ಲ ಎಂಬುದು ತನಗೊಬ್ಬನಿಗೇ ಗೊತ್ತು.

ಬಸ್ ನಿಲ್ದಾಣದಲ್ಲಿ ಖುಶನುಮಾಳ ಗಂಡ ಅಫ್ಸರ ಆಗಲೇ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ. ಖುಶನುಮಾ ಒಳಗೆ ಕೂತಿದ್ದಳು, ದುಪಟ್ಟಾ ಎಡಗೆನ್ನೆಯ ಮೇಲೆ. "ಕಾಕಾ, ಬಾಡಿಗಿ ಐತಿ ಅಂತ ನಾ ಬರಾಕ ಆಗವಲ್ದು. ನಿಮ್ಮ ಮಗಳಂಗ ಕರ್ಕೊಂಡು ಹೋಗ್ರಿ" ಎಂದು ಅಫ್ಸರ ಅವನ ಎರಡೂ ಕೈ ಹಿಡಿದ. ಹಿಡಿದವನು ಬಿಡಲಿಲ್ಲ. "ಬಣ್ಣದ ಮನ್ಯಾಗ ಹನ್ನೆರಡು ಮಂದಿ ಇದ್ರು. ಒಬ್ಬರೂ ನೋಡಿಲ್ಲಂತ. ಹನ್ನೆರಡು ಮಂದಿಗೂ ಒಮ್ಮೆಲೇ ಕಣ್ಣಾಗ ಕಸ ಬಿತ್ತೇನು ಹೇಳ್ರಿ! ನೀವೊಬ್ಬರ ನೋಡ್ರಿ ಮನುಷ್ಯಾರು." ಪಕ್ಕದ ಚಹಾದಂಗಡಿಯವನು ಇಣುಕಿ, "ಇವರಲ್ಲೇನು ಅವತ್ತು ನೀರ ಹಾಕಿದವರು?" ಎಂದು ಕೇಳಿದ. "ಇವರ" ಎಂದ ಅಫ್ಸರ, ಮನೆಯ ಹಿರಿಯನನ್ನು ಪರಿಚಯಿಸುವ ಹೆಮ್ಮೆಯಲ್ಲಿ. ಚಹಾದವನು ದುಡ್ಡು ತೆಗೆದುಕೊಳ್ಳಲಿಲ್ಲ. ಹುಲ್ಲಪ್ಪ ಆ ಚಹಾ ಕುಡಿದ. ಇಂಥ ಎಷ್ಟು ಚಹಾ ಕುಡಿದಿದ್ದಾನೋ ಈ ಹನ್ನೊಂದು ತಿಂಗಳಲ್ಲಿ; ಬೇಡ ಅಂದರೆ ಯಾಕೆ ಅಂತ ಕೇಳುತ್ತಾರಲ್ಲ, ಅದಕ್ಕೇ ಕುಡಿಯುವುದು.

ಹುನಗುಂದದ ಬಸ್ಸು ಅರ್ಧ ಖಾಲಿಯಿತ್ತು. ಖುಶನುಮಾ ಕಿಟಕಿಯ ಪಕ್ಕ ಕೂತಳು, ಅವನು ಅವಳ ಎಡಕ್ಕೆ. ಎಡಕ್ಕೆ ಕೂತದ್ದು ತಪ್ಪಾಯಿತು ಅನ್ನಿಸುವಷ್ಟರಲ್ಲಿ ಬಸ್ಸು ಹೊರಟಿತ್ತು. ದುಪಟ್ಟಾ ಗಾಳಿಗೆ ಸರಿದಾಗೆಲ್ಲ ಅವಳ ಎಡಮುಖ ಅವನೆದುರು ತೆರೆದುಕೊಳ್ಳುತ್ತಿತ್ತು. ಹುಬ್ಬಿನಿಂದ ಗದ್ದದವರೆಗೆ ಚರ್ಮ ಒಣಗಿದ ಗಂಜಿಯ ಹಾಗೆ ಮುದುಡಿ ಹೊಳೆಯುತ್ತಿದೆ. ಕೆಳರೆಪ್ಪೆ ಕೆಳಗೆ ಜಗ್ಗಿಕೊಂಡಿದೆ, ಮೇಲುರೆಪ್ಪೆ ಅದನ್ನು ಮುಟ್ಟಲಾರದು. ಆ ಕಣ್ಣು ಮುಚ್ಚುವುದಿಲ್ಲ. ಮಲಗುವಾಗ ಹಸಿ ಬಟ್ಟೆ ಹಾಕಿಕೊಂಡು ಮಲಗುತ್ತಾಳೆ. ಇನ್ನಾರು ತಿಂಗಳೊಳಗೆ ರೆಪ್ಪೆಯ ಆಪರೇಶನ್ ಆಗದಿದ್ದರೆ ಕಣ್ಣು ಒಣಗಿ ಹೋಗುತ್ತದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಾರೆ. ಬಣ್ಣದ ಮನೆಯ ಸಾಹುಕಾರನ ಮೇಲೆ ಹಾಕಿದ ಈ ಕೇಸಿನ ಪರಿಹಾರ ಬಂದರೆ ಆಪರೇಶನ್, ಬರದಿದ್ದರೆ ಇಲ್ಲ. ಹುಲ್ಲಪ್ಪ ಆ ಮುಖವನ್ನು ಕದ್ದು ನೋಡುತ್ತಾ, ಹೊಲ ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರ ಹಾಗೆ ಮನಸ್ಸಿನಲ್ಲೇ ಗಡಿ ಹಾಕುತ್ತಿದ್ದ: ಹುಬ್ಬಿನ ಮೇಲಿನದು ಕಾಸ್ಟಿಕ್ಕಿನದು, ಗದ್ದದ್ದೂ ಕಾಸ್ಟಿಕ್ಕಿನದೇ, ಕೆನ್ನೆ ಕಾಸ್ಟಿಕ್ಕಿಗೂ ತನಗೂ ಅರ್ಧರ್ಧ. ರೆಪ್ಪೆ ಯಾರದು? ರೆಪ್ಪೆಯ ಹತ್ತಿರ ಬಂದಾಗೆಲ್ಲ ಗಡಿಯ ಕಲ್ಲು ಅತ್ತಿತ್ತ ಸರಿಯುತ್ತಿತ್ತು. ಒಂದು ದಿನ ಅದನ್ನು ಪೂರ್ತಿ ಕಾಸ್ಟಿಕ್ಕಿಗೆ ಬಿಟ್ಟುಕೊಟ್ಟು ಸಮಾಧಾನದಿಂದ ಉಂಡದ್ದೂ ಉಂಟು. ಮರುದಿನ ಮತ್ತೆ ತನ್ನ ಪಾಲಿಗೇ ಬರುತ್ತಿತ್ತು.

ಕಂಡಕ್ಟರ್ ಬಂದ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆದರೆ ಆಧಾರ್ ತೋರಿಸಬೇಕು. ಖುಶನುಮಾ ಕಾರ್ಡು ಕೊಟ್ಟಳು. ಅವನು ಕಾರ್ಡು ನೋಡಿದ, ಮುಖ ನೋಡಿದ, ಮತ್ತೆ ಕಾರ್ಡು ನೋಡಿದ. "ಇದು ನಿಂದೇನಬೇ?" "ನಂದರಿ." "ಫೋಟೋ ಬ್ಯಾರೆ ಐತೆಲ್ಲ." ಹಿಂದಿನ ಸೀಟಿನ ಮುದುಕಿಯೊಬ್ಬಳು ಎದ್ದು ನಿಂತು ನೋಡಿದಳು. ಖುಶನುಮಾ ದುಪಟ್ಟಾ ಪೂರ್ತಿ ತೆಗೆದು ಕಿವಿಯ ಹಿಂದೆ ಸಿಕ್ಕಿಸಿ, ಬಲಗೆನ್ನೆಯನ್ನು ಕಂಡಕ್ಟರನಿಗೆ ತಿರುಗಿಸಿ, "ಈ ಕಡಿಯಿಂದ ನೋಡ್ರಿ, ಹೊಂದತೈತಿ. ಆ ಕಡಿದು ಸಾಹುಕಾರ್ರ ಬಣ್ಣದ ಮನ್ಯಾಗ ಉಳದೈತಿ" ಎಂದಳು. ಬಸ್ಸಿನಲ್ಲಿ ಒಬ್ಬಿಬ್ಬರು ನಕ್ಕರು. ಕಂಡಕ್ಟರ್ ನಾಚಿ ಶೂನ್ಯದ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಅವಳು ಯಾವಾಗಲೂ ಹೀಗೆ ನಗಿಸುತ್ತಾಳೆ. ಅವಳಪ್ಪ ಇಬ್ರಾಹಿಂಸಾಬನೂ ಹೀಗೇ ಇದ್ದ. ಹುಲ್ಲಪ್ಪನಿಗೆ ಬಣ್ಣ ಕಲಿಸಿದ ಉಸ್ತಾದ. ಬಂಡಿಯ ಹಿಂದೆ ಕುರಿ ಹೊಡೆದುಕೊಂಡು ಬಂದ ಹುಡುಗನನ್ನು ಬಣ್ಣದ ತೊಟ್ಟಿಯಾದ ಹೌದಿನ ಪಕ್ಕ ನಿಲ್ಲಿಸಿ, "ಲೇ ಕುರುಬಾ, ನೂಲೂ ಕುರಿಯಂಗ. ಅದಕ್ಕ ಏನ್ ಕುಡಿಸಿದಿ, ಮುಂದ ಏನ್ ಕುಡಿಸಬೇಕು, ನೆನಪಿಟ್ಕೊ" ಎನ್ನುತ್ತಿದ್ದ. ಕಾಸ್ಟಿಕ್ಕಿನಲ್ಲಿ ಕುದ್ದ ನೂಲನ್ನು ಹಾಗೇ ಬಿಟ್ಟರೆ ಎಳೆ ಸಾಯುತ್ತದೆ. ತೊಳೆದು, ಹುಳಿ ನೀರಿನ ತೊಟ್ಟಿಯಲ್ಲಿ ಅದ್ದಿ ತೆಗೆದರೆ ಅದರೊಳಗಿನ ಉರಿ ಇಳಿದು ನೂಲು ಮತ್ತೆ ಮೆತ್ತಗಾಗುತ್ತದೆ. ಕಾಸ್ಟಿಕ್ಕಿಗೆ ಹುಳಿ. ಬಣ್ಣಗಾರನ ಮೊದಲನೆಯ ಪಾಠ ಅದು. ಮೂವತ್ತೊಂದು ವರ್ಷದಲ್ಲಿ ಒಂದು ಲಡಿ ನೂಲನ್ನೂ ಹುಲ್ಲಪ್ಪ ಸಾಯಗೊಟ್ಟಿರಲಿಲ್ಲ.

ಅವತ್ತು ಕಾಸ್ಟಿಕ್ಕಿನ ಡ್ರಮ್ಮು ಥಂಡಿ ಹಿಡಿದು ಒಳಗೆ ಕಲ್ಲಾಗಿತ್ತು. ಹೊಸದು ತರಿಸ್ರಿ ಎಂದರೆ ಸಾಹುಕಾರ ರಾಜಕುಮಾರ, "ಲೇ ಹುಲ್ಯಾ, ನಿಮ್ಮಪ್ಪನ ಮನೀದೇನಲೇ ಚೆಲ್ಲಾಕ? ಬಿಸಿನೀರ ಹಾಕಿ ಕರಗಸ್ರಿ" ಎಂದಿದ್ದ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ಕಿಗೆ ನೀರು ಹಾಕಬಾರದು, ಇದೂ ಉಸ್ತಾದ ಹೇಳಿದ್ದೇ. ಹುಲ್ಲಪ್ಪ ಒಂದು ಸಲ ಹೇಳಿದ, ಎರಡನೆಯ ಸಲ ಹೇಳಲಿಲ್ಲ. ಕೈಚೀಲಗಳು ಬೆರಳಿನಲ್ಲಿ ತೂತಾಗಿದ್ದವು, ಕಣ್ಣಿನ ಕನ್ನಡಕ ಎಂಬುದನ್ನು ಯಾರೂ ಕಂಡಿರಲಿಲ್ಲ. ಖುಶನುಮಾ ಬಿಸಿನೀರು ಸುರಿದಳು. ಡ್ರಮ್ಮು ಒಳಗಿನಿಂದ ಕೆಮ್ಮಿದ ಹಾಗಾಯಿತು. ಆಮೇಲೆ ಅವಳು ಕೂಗಿದ ಕೂಗನ್ನು ಅವನು ಎಷ್ಟು ಪ್ರಯತ್ನಪಟ್ಟರೂ ನೆನೆಯಲಾರ. ನೆನಪಿರುವುದು ತನ್ನ ಬುದ್ಧಿ ಎಷ್ಟು ತಿಳಿಯಾಗಿತ್ತು ಎಂಬುದು ಮಾತ್ರ. ಎರಡು ತೊಟ್ಟಿ ಎದುರಿಗಿದ್ದವು. ತಿಳಿನೀರಿನದು ಹತ್ತಿರ, ಹುಳಿಯದು ನಾಲ್ಕು ಹೆಜ್ಜೆ ದೂರ. ಗಾಬರಿಯಲ್ಲಿ ತಪ್ಪಿದ್ದರೆ ಈಗ ಇಷ್ಟು ಉರಿಯುತ್ತಿರಲಿಲ್ಲವೇನೋ. ಅವನು ತಿಳಿನೀರಿನ ತೊಟ್ಟಿಯನ್ನು ದಾಟಿಕೊಂಡು ಹೋಗಿದ್ದ. ಬೇಕೆಂದೇ, ತಿಳಿದವನ ಹಾಗೆ, ಉಳಿದವರೆಲ್ಲ ಮೂಢರ ಹಾಗೆ ಬಾಯಿ ಬಿಟ್ಟುಕೊಂಡು ನಿಂತಿರುವಾಗ, ಒಂದು ಕ್ಷಣ ಹೆಮ್ಮೆಯಿಂದ ಕೂಡ, ದಾಟಿಕೊಂಡು ಹೋಗಿ ಹುಳಿ ತುಂಬಿಕೊಂಡು ಬಂದಿದ್ದ. "ಕಣ್ ತಗೀಬೇ ತಂಗಿ, ಕಣ್ ತಗಿ" ಎಂದು ಗದರಿಸಿ ತೆರೆಸಿದ ಕಣ್ಣಿಗೆ ಸುರಿದಿದ್ದ. ದವಾಖಾನಿಯಲ್ಲಿ ಏನು ಹಾಕಿದಿರಿ ಎಂದು ಕೇಳಿದಾಗ ಅವನು ಬಾಯಿ ತೆರೆಯುವ ಮೊದಲೇ ಯಾರೋ, "ನೀರ್ರಿ, ಇವರ ಹಾಕಿದ್ರು, ಇಲ್ಲಂದ್ರ ಹೆಣಾನ ತರಬೇಕಾಗ್ತಿತ್ತು" ಎಂದುಬಿಟ್ಟರು. ಆಗ ಅವನಿಗೂ ಅದು ಸುಳ್ಳು ಅನ್ನಿಸಲಿಲ್ಲ. ಹುಳಿ ನೀರೂ ನೀರೇ ಅಲ್ಲವೇ.

ಸುಳ್ಳು ಅನ್ನಿಸಿದ್ದು ತಿಂಗಳ ಮೇಲೆ. ಇನ್ಸ್‌ಪೆಕ್ಟರು ಫ್ಯಾಕ್ಟರಿ ತಪಾಸಣೆಗೆ ಬಂದು ಹೋದ ಮೇಲೆ ಸಾಹುಕಾರ ಬಾಗಲಕೋಟೆಯಿಂದ ಒಬ್ಬನನ್ನು ಕರೆಸಿ ಎಲ್ಲರಿಗೂ ತಿಳುವಳಿಕೆ ಹೇಳಿಸಿದ. ಹಳದಿ ಟೋಪಿ ತಲೆಗಿಡಿಸಿ ಫೋಟೋ ಹೊಡೆಸಿ, ಟೋಪಿ ವಾಪಸು ಎಣಿಸಿಕೊಂಡು ಹೋದರು. ಬಂದವನು ಬಾಯಿಗಾರ. "ಮೈಮ್ಯಾಲ ಕಾಸ್ಟಿಕ್ ಬಿತ್ತು, ಏನ್ ಮಾಡ್ತೀರಿ?" ಎಂದು ಕೇಳಿದ. ಲಡಿ ಹೊರುವ ಮಲಕಪ್ಪ, "ಭಂಡಾರ ಹಚ್ಚಿ ಬೀರಪ್ಪಗ ಕಾಯಿ ಒಡಸ್ತೀವ್ರಿ" ಎಂದ. ನಗೆ. "ಕಾಯಿ ಆಮ್ಯಾಲ ಒಡಸ್ರಿ. ಮೊದಲ ನೀರು. ಬರೇ ನೀರು, ಅರ್ಧ ತಾಸು ಸುರೀತಾನ ಇರಬೇಕು. ಕೆಲವರು ಭಾಳ ಶ್ಯಾಣ್ಯಾರಿರ್ತಾರ, ಕಾಸ್ಟಿಕ್ಕಿಗೆ ಹುಳಿ ಅಂತ ಆಸಿಡ್ ಸುರೀತಾರ. ಎರಡೂ ಕೂಡಿದ್ರ ಕಾವು ಹುಟ್ತೈತಿ, ನೀರ ಹಾಕೂ ಹೊತ್ತೂ ಹೋಗ್ತೈತಿ. ಮನುಷ್ಯಾನ ಮುಖ ಏನ್ ಉಪ್ಪಿನಕಾಯೇನ್ರಿ?" ಎಲ್ಲರೂ ಬಿದ್ದುಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಕೂತಿದ್ದ ಹುಲ್ಲಪ್ಪನೂ ನಕ್ಕ. ಉಳಿದವರಿಗಿಂತ ತುಸು ಜೋರಾಗಿಯೇ ನಕ್ಕ. ಆ ನಗೆಯ ಸದ್ದು ಈಗಲೂ ಊಟದ ನಡುವೆ ಒಮ್ಮೊಮ್ಮೆ ಕೇಳಿಬರುತ್ತದೆ, ಪಕ್ಕದ ಮನೆಯವರದ್ದೇನೋ ಎಂಬಂತೆ. ಖುಶನುಮಾ ಕೇಸು ಹಾಕಿದಾಗ, ಸಾಕ್ಷಿ ಹೇಳಲು ಅಷ್ಟು ಮಂದಿಯಲ್ಲಿ ತಾನೊಬ್ಬನೇ ಒಪ್ಪಿದ್ದು ಇದಕ್ಕೇ ಇರಬೇಕು. ಒಪ್ಪಿದ್ದಕ್ಕೆ ಸಾಹುಕಾರ ಅವನನ್ನು ಹೌದಿನಿಂದ ತೆಗೆದು ಅಂಗಳದಲ್ಲಿ ನೂಲು ಒಣಹಾಕಲು ಹಚ್ಚಿದ. ಬಣ್ಣದ ಮೇಸ್ತ್ರಿ ಬಿಸಿಲಿನಲ್ಲಿ ಗಳಗಳಿಗೆ ಲಡಿ ಜೋತುಹಾಕುತ್ತಾ ನಿಂತಾಗ ಅದರಲ್ಲೂ ಒಂದು ಸುಖವಿತ್ತು. ಶಿಕ್ಷೆಯೊಂದು ಕೊನೆಗೂ ಸಿಕ್ಕಿತು, ಬೇರೆ ತಪ್ಪಿಗಾದರೂ.

ಹುನಗುಂದದ ಕೋರ್ಟಿನ ಆವರಣದ ಬೇವಿನ ಮರದ ಕೆಳಗೆ ವಕೀಲೆ ಸುರೇಖಾ ಕಾಗದ ಹರವಿಕೊಂಡು ಕಾಯುತ್ತಿದ್ದಳು. ಮಗಳ ವಯಸ್ಸಿನವಳು; ಮಾತು ಮಾತ್ರ ಅತ್ತೆಯದು. "ಬರ್ರಿ ಹುಲ್ಲಪ್ಪಜ್ಜ. ಮೂರ ಮಾತು. ಡ್ರಮ್ಮಿಗೆ ಬಿಸಿನೀರ ಹಾಕಂತ ಹೇಳಿದವರು ಸಾಹುಕಾರ್ರು. ಕೈಚೀಲ, ಕನ್ನಡಕ ಕೊಟ್ಟಿರಲಿಲ್ಲ. ಘಟನೆ ಆದಕೂಡ್ಲೆ ನೀವು ನೀರು ಹಾಕಿ ದವಾಖಾನಿಗೆ ಒಯ್ದ್ರಿ. ಮುಗೀತು. ಉಪ್ಪು ಖಾರ ಹಚ್ಚಬ್ಯಾಡ್ರಿ." ಹುಲ್ಲಪ್ಪ, "ಹಾಕಿದ್ದು ನೀರಲ್ಲದ ಬ್ಯಾರೆ ಏನರ ಇದ್ರ?" ಎಂದು ಕೇಳಿಯೇಬಿಟ್ಟ, ಬೇರೆ ಯಾರದೋ ಮಾತಿನ ಹಾಗೆ. ಅವಳು ಕಾಗದದಿಂದ ತಲೆಯೆತ್ತಲಿಲ್ಲ. "ಅಂಥಾದ್ದೇನರ ಇದ್ರ ಅವರ ವಕೀಲರಿಗೆ ಹಬ್ಬ. ಮುಖ ಸುಟ್ಟದ್ದು ಫ್ಯಾಕ್ಟರೀದಲ್ಲ, ಆಮ್ಯಾಲ ಯಾರೋ ಮಾಡಿದ್ದು ಅಂತಾರ. ಕಾಯ್ದೆ ನಮ್ಮ ಕಡಿ ಐತಿ ಖರೆ, ಕೊನೀಗೆ ನಾವ ಗೆಲ್ತೀವಿ. ಆದ್ರ ಆರೇಳು ವರ್ಷ ಮ್ಯಾಲಿನ ಕೋರ್ಟಿಗೆ ಜಗ್ತಾರ. ಇವತ್ತ ಸಾಕ್ಷಿ ನೆಟ್ಟಗಾದ್ರ ಸಾಹುಕಾರ್ರು ಈ ತಿಂಗಳೇ ರಾಜಿಗೆ ಬರ್ತೇವಿ ಅಂದಾರ. ಇಕೀ ಕಣ್ಣಿಗೆ ಆರ ತಿಂಗಳೈತಿ, ಆರ ವರ್ಷ ಇಲ್ಲ" ಎಂದು ಝೆರಾಕ್ಸ್ ಮಾಡಿಸಲು ಎದ್ದು ಹೋದಳು.

ಮರದ ಬುಡದಲ್ಲಿ ಇಬ್ಬರೇ ಉಳಿದರು. ಖುಶನುಮಾ ಹನಿಯ ಔಷಧಿಯನ್ನು ಎಡಗಣ್ಣಿಗೆ ಬಿಟ್ಟುಕೊಂಡು ತಲೆ ಮೇಲೆತ್ತಿ ಕೂತಿದ್ದಳು. ಅವಳು ತನ್ನತ್ತ ನೋಡಲಾರದ ಆ ಗಳಿಗೆಯನ್ನೇ ಹುಲ್ಲಪ್ಪ ಆರಿಸಿಕೊಂಡ. "ತಂಗಿ, ಅವತ್ತ ನಾ ಹಾಕಿದ್ದು..." ಎಂದ.

"ಹುಳಿ ತೊಟ್ಟೀದು" ಎಂದಳು ಅವಳು, ತಲೆ ಇಳಿಸದೆ. "ಗೊತ್ತೈತಿ ಕಾಕಾ."

"ಯಾವಾಗಿಂದ?" ಎಂದ ಅವನು.

"ಅವತ್ತಿಂದ. ಬಾಯಾಗ ಬಿದ್ದಿತ್ತಲ್ಲ. ಬಣ್ಣಗಾರನ ಮಗಳು ನಾ, ಹುಳಿ ಯಾವ್ದು ನೀರ ಯಾವ್ದು ತಿಳಿಯಂಗಿಲ್ಲೇನು? ಅಬ್ಬಾ ಇದ್ದಿದ್ರೂ ಅದನ್ನ ಹಾಕ್ತಿದ್ದ. ನಾನೂ ಬ್ಯಾರೇದವರಿಗೆ ಅದನ್ನ ಹಾಕ್ತಿದ್ನೇನೋ."

"ಮತ್ತ ಊರ ತುಂಬ ಕಾಕಾ ನೀರ ಹಾಕಿ ಉಳಿಸಿದ, ಕಾಕಾ ಉಳಿಸಿದ ಅಂತ ನೀನ ಹೇಳ್ಕೋತ ಬಂದೆಲ್ಲ..."

ಈಗ ಅವಳು ತಲೆ ಇಳಿಸಿದಳು. ಔಷಧಿ ಕೆನ್ನೆಯ ಮೇಲೆ ಹರಿಯಿತು, ಒರೆಸಿಕೊಳ್ಳಲಿಲ್ಲ. ಆ ಕೆನ್ನೆಗೆ ತಿಳಿಯುವುದಿಲ್ಲ. "ಸಾಕ್ಷಿ ಬೇಕಿತ್ತಲ್ಲ ಕಾಕಾ. ತಪ್ಪ ಮಾಡಿದೆ ಅಂತ ಗೊತ್ತಾದ ಮನುಷ್ಯಾ ಮನ್ಯಾಗ ಅಡಗಿ ಕುಂಡರತಾನ. ಉಳಿಸಿದಿ ಅಂದ್ರ ಬರ್ತಾನ." ಹೇಳಿ ನಕ್ಕಳು, ಬಸ್ಸಿನಲ್ಲಿ ನಗಿಸಿದ ಹಾಗೆಯೇ. "ಸಿಟ್ಟಿಲ್ಲ ನನಗ. ಖರೆ ಹೇಳ್ತೇನಿ, ಮೊದಮೊದಲ ಇತ್ತು, ಈಗ ಸಿಟ್ಟಿಗೆ ಪುರಸೊತ್ತಿಲ್ಲ. ನೀರು ಅನ್ರಿ, ಅಷ್ಟ ಸಾಕು. ಒಂದ ಮಾತು."

ಒಳಗಿನಿಂದ ಕರೆ ಬರುವವರೆಗೆ ಅವನು ಮರದ ಬೇರನ್ನು ನೋಡುತ್ತಾ ಕೂತ. ಎದೆಯ ಮೇಲಿನ ಚಪ್ಪಡಿ ಈಗ ಇಳಿಯಬೇಕಿತ್ತು, ಹಾಗೆಂದೇ ಅಂದುಕೊಂಡಿದ್ದ. ಅವಳು ಬಡಿಯುತ್ತಾಳೆ, ಅಥವಾ ಅಳುತ್ತಾಳೆ, ಅಥವಾ ಹೋಗಲಿ ಬಿಡ್ರಿ ಎನ್ನುತ್ತಾಳೆ. ಮೂರರಲ್ಲಿ ಯಾವುದಾದರೂ ನಡೆಯುತ್ತಿತ್ತು. ಇದೇನಿದು, ಸಿಟ್ಟಿಗೆ ಪುರಸೊತ್ತಿಲ್ಲ? ಹನ್ನೊಂದು ತಿಂಗಳು ಹೆಂಡತಿಗೂ ತೋರಿಸದೆ ಮಡಿಲಲ್ಲಿಟ್ಟು ಸಾಕಿದ ಸಂಕಟ ಇವಳಿಗೆ ಗೊತ್ತಿತ್ತು, ಗೊತ್ತಿದ್ದೂ ಅದಕ್ಕೆ ಹಗ್ಗ ಕಟ್ಟಿ ಎಳೆದುಕೊಂಡು ಬಂದಿದ್ದಾಳೆ, ಸಂತೆಗೆ ಎಳೆಯುವ ಟಗರಿನ ಹಾಗೆ. ಕುಡಿದ ಚಹಾಗಳೆಲ್ಲ ಅವಳು ಕುಡಿಸಿದವು. ಇವಳ ಮುಖ ನೋಡಿದರೆ ಹೀಗೆ ಅನ್ನಿಸಬಾರದು ಎಂದು ಅವನಿಗೆ ಗೊತ್ತಿತ್ತು. ಸುಟ್ಟುಕೊಂಡವಳು ಅವಳು, ಸುಟ್ಟವನು ತಾನು. ಆದರೂ ಮೋಸ ಹೋದವನ ಉರಿ ಹೊತ್ತಿಕೊಂಡಿತ್ತು, ಅದಕ್ಕೆ ನಾಚಿಕೆಯೂ ಆಗುತ್ತಿತ್ತು, ನಾಚಿಕೆಯಾದಷ್ಟೂ ಉರಿ ಏರುತ್ತಿತ್ತು. ಒಂದ ಮಾತು, ನೀರು. ಸಾಲಿಯ ಹುಡುಗನಿಗೆ ಕಲಿಸಿದ ಹಾಗೆ.

ಕಟಕಟೆ ಅಂದುಕೊಂಡಷ್ಟು ಎತ್ತರವಿರಲಿಲ್ಲ. ಜಜ್ ಸಾಹೇಬರಿಗೆ ನೆಗಡಿಯಾಗಿತ್ತು. ಮೂಗು ಒರೆಸಿಕೊಳ್ಳುತ್ತಾ ಮನೆಯ ಹಿರಿಯರ ಹಾಗೆ ಅವನನ್ನು ಮೃದುವಾಗಿ ನೋಡಿದರು. ಎದುರು ಬೆಂಚಿನಲ್ಲಿ ಸಾಹುಕಾರ ರಾಜಕುಮಾರ ಮೊಬೈಲು ತಿಕ್ಕುತ್ತಿದ್ದ, ಅವನ ಮಗ್ಗುಲಲ್ಲಿ ಅವನ ವಕೀಲ, ನರೆತ ಮೀಸೆಯವನು, ಅರೆನಿದ್ದೆಯಲ್ಲಿದ್ದಂತೆ. ಸುರೇಖಾ ಕೇಳುತ್ತಾ ಹೋದಳು. ಬಿಸಿನೀರು ಹಾಕಲು ಹೇಳಿದ್ದು ಯಾರು? ಸಾಹುಕಾರ್ರು ಎಂದ. ಸಾಹುಕಾರ ತಲೆಯೆತ್ತಿ ನೋಡಿದ. ಹುಲ್ಲಪ್ಪ ಕಣ್ಣು ತಪ್ಪಿಸಲಿಲ್ಲ. ಕನ್ನಡಕ ಕೊಟ್ಟಿದ್ರೇನು? ಇಲ್ಲ. ಟೈಪಿಸ್ಟಿನ ಬೆರಳುಗಳು ಪಟಪಟನೆ ಅವನ ಮಾತನ್ನು ಹೊತ್ತೊಯ್ಯುತ್ತಿದ್ದವು. ಮೂವತ್ತೊಂದು ವರ್ಷದಲ್ಲಿ ಅವನ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ. "ಘಟನೆ ಆದ ಮ್ಯಾಲ ನೀವು ಏನ್ ಮಾಡಿದ್ರಿ?"

ನೀರು ಎಂಬ ಮಾತು ಹಲ್ಲಿನವರೆಗೆ ಬಂತು. ಅವನು ಖುಶನುಮಾಳತ್ತ ನೋಡಿದ. ಅವಳು ಹಿಂದಿನ ಬೆಂಚಿನಿಂದ, ಹೇಳಿ ಎಂಬಂತೆ, ಸಣ್ಣಗೆ ತಲೆಯಾಡಿಸಿದಳು. ತಲೆಯಾಡಿಸದಿದ್ದರೆ ಹೇಳಿಬಿಡುತ್ತಿದ್ದನೇನೋ.

"ಹುಳಿ ತೊಟ್ಟೀದು ಹಾಕಿದ್ನಿರಿ" ಎಂದ ಹುಲ್ಲಪ್ಪ. ದನಿ ಅಷ್ಟು ದೊಡ್ಡದಾಗಿ ಬರುತ್ತದೆಂದು ಅವನೇ ಎಣಿಸಿರಲಿಲ್ಲ. "ನೀರ ಅಲ್ಲರಿ. ನೀರಿನ ತೊಟ್ಟಿ ಹತ್ರ ಇತ್ತು, ಅದನ್ನ ದಾಟಿ ಹೋಗಿ ಹುಳಿ ತಂದು ಹಾಕಿದ್ನಿ. ಕಣ್ಣಿಗೂ ಹಾಕಿದ್ನಿ. ಹಾಕಬಾರದಿತ್ತರಿ. ನಂದ ತಪ್ಪು."

ಸುರೇಖಾಳ ಪೆನ್ನು ನಿಂತಿತು. "ಸಾಕ್ಷಿಗೆ ಪ್ರಶ್ನೆ ತಿಳಿದಿಲ್ಲ ಸ್ವಾಮಿ" ಎಂದಳು. ಅವಳ ಅತ್ತೆಯ ದನಿ ಎಲ್ಲೋ ಹೋಗಿ ಮಗಳ ದನಿಯಷ್ಟೇ ಉಳಿದಿತ್ತು. "ತಿಳದಂಗ ಕಾಣತೈತಿ, ಹೇಳ್ಲಿ" ಎಂದರು ಜಜ್ ಸಾಹೇಬರು. ಹುಲ್ಲಪ್ಪನಿಗೆ ಎದೆ ಹಗುರಾಗಿ, ಜಾತ್ರೆಯಲ್ಲಿ ಡೊಳ್ಳು ಇಳಿಸಿದ ಮೇಲೆ ಹೆಗಲು ತಾನಾಗಿ ಮೇಲೇಳುವಂತೆ ಮೈಯೆಲ್ಲ ಮೇಲೆದ್ದ ಹಾಗಾಯಿತು. ಅಳು ಬರುವಂತಿತ್ತು, ನಗುವೂ. ಅವನು ಮತ್ತೆ ಹಿಂದಿನ ಬೆಂಚಿನತ್ತ ನೋಡಿದ, ಅವಳಿಗೂ ಏನೋ ಇಳಿದಿರಬಹುದು ಎಂಬಂತೆ. ಖುಶನುಮಾ ಕಣ್ಣು ಮುಚ್ಚಿಕೊಂಡಿದ್ದಳು. ಮುಚ್ಚಿದ್ದು ಬಲಗಣ್ಣು. ಎಡದ್ದು ಮುಚ್ಚಲಾರದೆ ಅವನನ್ನೇ ನೋಡುತ್ತಿತ್ತು.

ಆಗ ಸಾಹುಕಾರನ ವಕೀಲ ಎದ್ದು ನಿಂತ. ನಿದ್ದೆ ಬಿಟ್ಟುಹೋಗಿತ್ತು. ಕೋಟಿನ ಗುಂಡಿ ಹಾಕಿಕೊಂಡು, ಬೀಗರನ್ನು ಮಾತಾಡಿಸುವ ನಯದಲ್ಲಿ, "ಹುಲ್ಲಪ್ಪನವರ, ಭಾಳ ದೊಡ್ಡ ಮನಸ್ಸು ನಿಮ್ದು. ಅವಸರ ಇಲ್ಲರಿ, ಹೆದರಬ್ಯಾಡ್ರಿ. ಹುಳಿ ಅಂದ್ರ ಅದು ಆಸಿಡ್ ಹೌದಲ್ಲರಿ? ಟೈಪ್ ಮಾಡೋರಿಗೆ ಸರಿಯಾಗಿ ಕೇಳ್ಸಿಲ್ಲ. ಯಾರ ಕೈಲೆ, ಎಷ್ಟ ತಂಬಿಗಿ, ಎಲ್ಲೆಲ್ಲಿ ಹಾಕಿದ್ರಿ, ಇನ್ನೊಮ್ಮೆ ನಿಧಾನಕ್ಕ ಹೇಳ್ರಿ" ಎಂದ.

ಇಷ್ಟು ಮರ್ಯಾದೆಯಿಂದ ಅವನ ಹೆಸರನ್ನು ಆ ಕಡೆಯವರು ಯಾರೂ ಕರೆದಿರಲಿಲ್ಲ. ಹುಲ್ಲಪ್ಪ ಗಂಟಲು ಸರಿಮಾಡಿಕೊಂಡು, ಟೈಪಿಸ್ಟಿನತ್ತ ತಿರುಗಿ ನಿಂತು, ಒಂದು ಮಾತೂ ಬಿಟ್ಟುಹೋಗದಂತೆ, ಮೊದಲನೆಯ ತಂಬಿಗೆಯಿಂದ ಹೇಳತೊಡಗಿದ.